109ನೇ ಮನೆಯಲ್ಲೊಂದು ತಪ್ಪು

ಬಿಬಿಸಿ ಮೈಕ್ರೊ ಕಂಪ್ಯೂಟರಿನ ಸ್ವಿಚ್ ಹಾಕಿದ ಕೂಡಲೇ ಎರಡು ಸದ್ದು ಕೇಳಬೇಕು. ಮೊದಲು ದಪ್ಪ ದನಿಯ ‘ಬೋ’, ಅದರ ಬೆನ್ನಿಗೇ ಚೂಪಾದ ‘ಬೀಪ್’. ಮೊದಲನೆಯದನ್ನು ಯಾರೂ ಹೇಳಿ ಮಾಡಿಸುವುದಿಲ್ಲ. ಕರೆಂಟು ಸಿಕ್ಕಿದೊಡನೆ ಧ್ವನಿಯ ಚಿಪ್ ತನ್ನಷ್ಟಕ್ಕೆ ತಾನೇ ಕೂಗತೊಡಗುತ್ತದೆ. ಆಪರೇಟಿಂಗ್ ಸಿಸ್ಟಂ ಎದ್ದು ಬಂದು ಅದರ ಬಾಯಿ ಮುಚ್ಚಿಸಿ, ತಾನು ಎದ್ದಿದ್ದೇನೆ ಎಂದು ತಿಳಿಸಲು ಎರಡನೆಯ ಸದ್ದು ಮಾಡುತ್ತದೆ. ಹಾಗಾಗಿ ‘ಬೋ’ ಎಂಬುದು ನಿಲ್ಲದೆ ಎಳೆಯುತ್ತಲೇ ಹೋದರೆ ಆಪರೇಟಿಂಗ್ ಸಿಸ್ಟಂ ಇನ್ನೂ ಕೆಲಸಕ್ಕೆ ಕೈಯನ್ನೇ ಹಚ್ಚಿಲ್ಲ ಎಂದರ್ಥ. ಅದರಲ್ಲಿ ತಪ್ಪಿದೆಯೋ ಇಲ್ಲವೋ ಎಂಬ ಚರ್ಚೆ ಆಗಲೇ ಶುರು ಮಾಡಬಾರದು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಹಳೆಯ ಮನೆ ಕಂಪ್ಯೂಟರ್ ಕೈಗೆ ಸಿಕ್ಕವರೆಲ್ಲ, ಅದು ಅಡ್ಡಾದಿಡ್ಡಿ ನಡೆದುಕೊಂಡರೆ ಮೊದಲು ದೂರುವುದು ಆಪರೇಟಿಂಗ್ ಸಿಸ್ಟಮ್ಮನ್ನೇ. ಇಂದಿನ ಫೋನು, ಲ್ಯಾಪ್‌ಟಾಪುಗಳಿಂದ ಕಲಿತ ಅಭ್ಯಾಸ ಅದು. ಆದರೆ 80ರ ದಶಕದ ಈ ಯಂತ್ರಗಳಲ್ಲಿ ಆಪರೇಟಿಂಗ್ ಸಿಸ್ಟಂ ಎಂಬುದು ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಕೆತ್ತಿಬಿಟ್ಟ 16 ಕಿಲೋಬೈಟ್ ಸರಕು. ಅದು ವೈರಸ್ಸಿಗೆ ಸಿಕ್ಕುವುದಿಲ್ಲ, ಅರ್ಧ ಅಪ್‌ಡೇಟ್ ಆಗಿ ನಿಲ್ಲುವುದಿಲ್ಲ. ಇರುವ ತಪ್ಪುಗಳು ಹುಟ್ಟಿದಂದಿನಿಂದ ಇವೆ, ಇಲ್ಲದ ತಪ್ಪು ಹೊಸದಾಗಿ ಬರುವುದು ತೀರ ಅಪರೂಪ. ನಿನ್ನೆ ಸರಿಯಿದ್ದದ್ದು ಇವತ್ತು ಕೆಟ್ಟಿತು ಎಂದರೆ ಹತ್ತರಲ್ಲಿ ಒಂಬತ್ತು ಪಾಲು ಕೆಟ್ಟಿರುವುದು ಬೇರೆ ಏನೋ.

ನಾನಿರುವುದು ಹೈದರಾಬಾದಿನ ಬಾಲಾನಗರದಲ್ಲಿ. ಎಚ್‌ಎಎಲ್‌ನ ಏವಿಯಾನಿಕ್ಸ್ ವಿಭಾಗ, ಹಿಂದಿದ್ದ ಐಡಿಪಿಎಲ್ ಔಷಧ ಕಾರ್ಖಾನೆ, 1968ರಲ್ಲಿ ಆರಂಭವಾದ ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆ, ಇವುಗಳ ಸುತ್ತ ಸಂದುಗೊಂದಿಗಳಲ್ಲೆಲ್ಲ ಲೇತ್ ಮಷೀನಿನ ಶೆಡ್ಡುಗಳು. ಯಾವ ಬೇರಿಂಗ್ ಯಾಕೆ ಕೂಗುತ್ತಿದೆ ಎಂದು ಕಿವಿಯಲ್ಲೇ ಹೇಳುವವರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. 1974ರಲ್ಲಿ ಹುಟ್ಟಿದ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯೂ ಇಲ್ಲೇ ಇದೆ. 1988ರ ಮಾರ್ಚ್‌ನಲ್ಲಿ ಐಆರ್‌ಎಸ್-1ಎ ಉಪಗ್ರಹ ಮೇಲೇರಿದ ಮೇಲೆ ಅದು ಕಳಿಸಿದ ಚಿತ್ರಗಳ ದತ್ತಾಂಶ ಶಾದ್‌ನಗರದ ನೆಲೆಯಲ್ಲಿ ಇಳಿದು ಈ ಸಂಸ್ಥೆಯಲ್ಲಿ ಸಂಸ್ಕರಣೆಯಾಗುತ್ತಿತ್ತು. ದೇಶದ ದೊಡ್ಡ ಕಂಪ್ಯೂಟರುಗಳು ನೆಲದ ಚಿತ್ರ ಬಿಡಿಸುತ್ತಿದ್ದ ಅದೇ ವರ್ಷಗಳಲ್ಲಿ, ಮಕ್ಕಳು ಸಿನಿಮಾ ಹಾಡಿನ ಕ್ಯಾಸೆಟ್ ಹಾಕುವ ಟೇಪ್‌ರೆಕಾರ್ಡರಿನಿಂದಲೇ ಚಿಕ್ಕ ಕಂಪ್ಯೂಟರುಗಳಿಗೆ ಪ್ರೋಗ್ರಾಂ ಲೋಡ್ ಮಾಡುತ್ತಿದ್ದರು.

ಆ ಚಿಕ್ಕ ಯಂತ್ರಗಳು ನಮ್ಮಲ್ಲಿಗೆ ಬಂದದ್ದು ಮುಖ್ಯವಾಗಿ ಎರಡು ದಾರಿಯಲ್ಲಿ. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಶಾಲಾ ಕಂಪ್ಯೂಟರ್ ಯೋಜನೆ ಆರಂಭಿಸಿತು. ಮೊದಲ ಕಂತಿನಲ್ಲಿ 250 ಶಾಲೆ, ಆಮೇಲೆ ಒಟ್ಟು 12,000 ಬಿಬಿಸಿ ಮೈಕ್ರೊಗಳು ರಾಜ್ಯ ಸರ್ಕಾರಗಳ ಮೂಲಕ ಪ್ರೌಢಶಾಲೆಗಳಿಗೆ ಹೋದವು. ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಈ ಯಂತ್ರವನ್ನು ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ‘ಎಸ್‌ಸಿಎಲ್ ಯೂನಿಕಾರ್ನ್’ ಎಂಬ ಹೆಸರಲ್ಲಿ ಇಲ್ಲೇ ತಯಾರಿಸಿತು. ಇನ್ನೊಂದು ದಾರಿ ಮನೆಗಳದ್ದು. ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಂ ಪ್ಲಸ್ಸನ್ನು ಡೆಸಿಬೆಲ್ಸ್ ಎಂಬ ಭಾರತೀಯ ಕಂಪನಿ ಪರವಾನಗಿ ಪಡೆದು ‘ಡಿಬಿ ಸ್ಪೆಕ್ಟ್ರಂ’ ಎಂದು ಮಾರಿತು. ಟಿವಿಗೆ ಸಿಕ್ಕಿಸಿದರೆ ಕಂಪ್ಯೂಟರ್, ಕಳಚಿದರೆ ಮತ್ತೆ ಟಿವಿ. ಗಲ್ಫ್‌ನಿಂದಲೋ ಲಂಡನ್ನಿನಿಂದಲೋ ಮಾವ ತಂದುಕೊಟ್ಟ ಸ್ಪೆಕ್ಟ್ರಮ್ಮುಗಳೂ ಸಾಕಷ್ಟಿದ್ದವು.

ಈಗ ಅವೆಲ್ಲ ಅಟ್ಟದಿಂದ, ಶಾಲೆಯ ಉಗ್ರಾಣದಿಂದ ಗುಜರಿಗೆ ಇಳಿಯುತ್ತಿವೆ. ನಮ್ಮ ಬಾಲಾನಗರದ ಪಕ್ಕದ ಎರ್ರಗಡ್ಡದಲ್ಲಿ ಭಾನುವಾರದ ಸಂತೆ ನಡೆಯುತ್ತದೆ. ಹಳೆ ಮಿಕ್ಸಿ, ಸುಟ್ಟ ಮೋಟಾರು, ರಿಮೋಟಿನ ರಾಶಿಗಳ ನಡುವೆ ಆಗೊಮ್ಮೆ ಈಗೊಮ್ಮೆ ಕಪ್ಪು ಕೀಲಿಮಣೆಯ ಇಂಥದೊಂದು ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಕೊಂಡು ತಂದವರು ಸಾಮಾನ್ಯವಾಗಿ ಎಂಜಿನಿಯರಿಂಗ್ ಓದುವ ಹುಡುಗರು. ಬೀದರಿನ ಕಡೆಯ ಒಬ್ಬ ಹುಡುಗ ಹೀಗೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ. “ಸರ್, ಇದರ ಓಎಸ್ ಕೆಟ್ಟದರಿ. ಹೊಸಾದು ಹಾಕಬೇಕು.”

“ಎಲ್ಲಿಗೆ ಹಾಕ್ತೀಯಪ್ಪ?” ಎಂದೆ.

“ಹಾರ್ಡ್ ಡಿಸ್ಕಿಗೆ.”

ಹಾರ್ಡ್ ಡಿಸ್ಕ್ ಎಲ್ಲಿದೆ ನೋಡೋಣ ಎಂದು ಪೆಟ್ಟಿಗೆ ಬಿಚ್ಚಲು ಕೂತೆವು. ಬಿಬಿಸಿ ಮೈಕ್ರೊ ಬಿಚ್ಚುವುದು ಸುಲಭ. ಹಿಂಬದಿಯಲ್ಲಿ ಎರಡು, ತಳದಲ್ಲಿ ಎರಡು ಸ್ಕ್ರೂ. ಯಾವುದನ್ನು ತಿರುಗಿಸಬೇಕೆಂದು ಹುಡುಕಾಡಬೇಕಿಲ್ಲ, ಪಕ್ಕದಲ್ಲೇ ‘ಫಿಕ್ಸ್’ ಎಂದು ಅಚ್ಚು ಹಾಕಿದೆ. ಮುಚ್ಚಳ ತೆಗೆದರೆ ಎಡಕ್ಕೆ ಪವರ್ ಸಪ್ಲೈ ಡಬ್ಬಿ, ಕೀಲಿಮಣೆ ಎತ್ತಿದರೆ ಬಲತುದಿಯಲ್ಲಿ ಸಾಲಾಗಿ ಐದು ಉದ್ದನೆಯ ಸಾಕೆಟ್ಟು. ಅದರಲ್ಲಿ ಒಂದರೊಳಗೆ ಕೂತಿರುವುದೇ ಆಪರೇಟಿಂಗ್ ಸಿಸ್ಟಂ, ಪಕ್ಕದ್ದು ಬೇಸಿಕ್ ಭಾಷೆ. ಹಾರ್ಡ್ ಡಿಸ್ಕಿನ ಸುದ್ದಿಯೇ ಇಲ್ಲ. ಹುಡುಗನಿಗೆ ಕೊಂಚ ನಿರಾಶೆಯಾಯಿತು, ಆಮೇಲೆ ಕುತೂಹಲ ಹುಟ್ಟಿತು. ಆಪರೇಟಿಂಗ್ ಸಿಸ್ಟಮ್ಮನ್ನು ಬೆರಳಲ್ಲಿ ಮುಟ್ಟಬಹುದು ಎಂಬುದು ಅವನಿಗೆ ಹೊಸದು.

ಮುಟ್ಟುವ ಮೊದಲು ಪವರ್ ಸಪ್ಲೈ ನೋಡಬೇಕು. ಈ ಡಬ್ಬಿಗಳಲ್ಲಿ ಮೇನ್ಸ್ ಬರುವ ಜಾಗದಲ್ಲಿ ರಿಫಾ ಎಂಬ ಬ್ರಾಂಡಿನ ಕಾಗದದ ಕೆಪಾಸಿಟರುಗಳಿರುತ್ತವೆ. ಮೇಲಿನ ಪಾರದರ್ಶಕ ಪ್ಲಾಸ್ಟಿಕ್ ಕವಚ ವಯಸ್ಸಾದಂತೆ ಬಿರುಕು ಬಿಡುತ್ತದೆ, ಬಿರುಕಿನಿಂದ ತೇವ ಒಳಗಿಳಿಯುತ್ತದೆ. ದಶಕಗಳ ಮೇಲೆ ಕರೆಂಟು ಕೊಟ್ಟರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಢಬ್ಬೆಂದು ಸಿಡಿದು ಕೋಣೆಯೆಲ್ಲ ದಟ್ಟ ಹೊಗೆ. ವಾಸನೆ ಎರಡು ದಿನ ಹೋಗುವುದಿಲ್ಲ. ಹಾಗಾಗಿ ಹಳೆಯ ಯಂತ್ರ ಸಿಕ್ಕ ಖುಷಿಯಲ್ಲಿ ನೇರ ಪ್ಲಗ್ ಚುಚ್ಚುವವರನ್ನು ಕಂಡರೆ ನನಗೆ ಭಯ. ಕೋಠಿಯ ಗುಜರಾತಿ ಗಲ್ಲಿಯ ಅಂಗಡಿಗಳಲ್ಲಿ ‘ಎಕ್ಸ್-2’ ದರ್ಜೆಯ ಹೊಸ ಕೆಪಾಸಿಟರ್ ಸಿಗುತ್ತದೆ. ಅದೇ ಬೆಲೆ, ಅದೇ ಅಳತೆ ಎಂದು ಸಾಮಾನ್ಯ ದರ್ಜೆಯದನ್ನು ಹಾಕಿಸಿಕೊಳ್ಳಬಾರದು, ಮೇನ್ಸ್ ವೋಲ್ಟೇಜಿಗೆ ಅದು ತಾಳುವುದಿಲ್ಲ. ಬೆಸುಗೆ ಗೊತ್ತಿಲ್ಲದವರು ಈ ಡಬ್ಬಿಯೊಳಗೆ ಕೈ ಹಾಕದಿರುವುದೇ ಕ್ಷೇಮ. ಪ್ಲಗ್ ಕಿತ್ತ ಮೇಲೂ ಒಳಗೆ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ.

ಇದು ದಾಟಿದರೆ ಪರದೆ ಮಾತಾಡತೊಡಗುತ್ತದೆ. ಹುಡುಗನ ಯಂತ್ರದಲ್ಲಿ ಎರಡೂ ಸದ್ದು ಬಂತು, ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಸಾಲೂ ಬಂತು. ಅದರ ಕೆಳಗೆ ‘ಬೇಸಿಕ್’ ಎಂದು ಬರಬೇಕಾದಲ್ಲಿ ‘ಲ್ಯಾಂಗ್ವೇಜ್?’ ಎಂಬ ಪ್ರಶ್ನೆ. ಇದನ್ನು ನೋಡಿಯೇ ಅವನು ಓಎಸ್ ಕೆಟ್ಟಿದೆ ಎಂದದ್ದು. ನಿಜವೆಂದರೆ ಓಎಸ್ ಸುಸ್ಥಿತಿಯಲ್ಲಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದು ಎದ್ದಿದೆ, ಸಾಕೆಟ್ಟುಗಳನ್ನು ಒಂದೊಂದಾಗಿ ತಡಕಿದೆ, ಯಾವುದರಲ್ಲೂ ಭಾಷೆಯ ಚಿಪ್ ಕಾಣದೆ ಯಾವ ಭಾಷೆ ಎಂದು ಕೇಳಿದೆ. ಚಿಪ್ ಇದೆ, ಆದರೆ ಕಾಲುಗಳಿಗೆ ಕಿಲುಬು ಹಿಡಿದಿದೆ. ಎತ್ತಿ, ಕಾಲುಗಳನ್ನು ಒರೆಸಿ, ಮತ್ತೆ ಒತ್ತಿ ಕೂರಿಸಿದರೆ ಸಾಕು. ಒತ್ತುವಾಗ ಒಂದು ಕಾಲು ಮಡಚಿ ಚಿಪ್ಪಿನ ಹೊಟ್ಟೆಯಡಿ ಸೇರಿಕೊಳ್ಳುವುದು ಮಾಮೂಲು, ಮೇಲಿನಿಂದ ಅದು ಕಾಣುವುದಿಲ್ಲ. ಬದಿಯಿಂದ ಟಾರ್ಚ್ ಹಿಡಿದು ನೋಡಬೇಕು.

ಯಂತ್ರ ಎದ್ದ ಮೇಲೆ ಮೊದಲ ಪ್ರಶ್ನೆ: ನೀನು ಯಾವ ಆವೃತ್ತಿ? ನಕ್ಷತ್ರ ಚಿಹ್ನೆ ಹಾಕಿ ‘ಎಫ್‌ಎಕ್ಸ್ 0’ ಎಂದು ಒತ್ತಿದರೆ ಓಎಸ್ ತನ್ನ ಸಂಖ್ಯೆ ಹೇಳುತ್ತದೆ. 1981ರ ಕೊನೆಗೆ ಯಂತ್ರ ಮಾರುಕಟ್ಟೆಗೆ ಬಂದಾಗ ಇದ್ದದ್ದು 0.10, ಅವಸರದ ಕೂಸು. ನಾವು ಹೆಚ್ಚಾಗಿ ಕಾಣುವುದು ಆಮೇಲಿನ 1.20. ಇನ್ನು ‘ರಿಪೋರ್ಟ್’ ಎಂದು ಒತ್ತಿದರೆ ಬೇಸಿಕ್ ತನ್ನ ಹಕ್ಕುಸ್ವಾಮ್ಯದ ವರ್ಷ ತೋರಿಸುತ್ತದೆ: 1981 ಎಂದಿದ್ದರೆ ಮೊದಲ ಬೇಸಿಕ್, 1982 ಎಂದಿದ್ದರೆ ಎರಡನೆಯದು. ಕಡತ ತೆರೆಯುವ ಆಜ್ಞೆಯ ಅರ್ಥವೇ ಇವೆರಡರ ನಡುವೆ ಬದಲಾಗಿದೆ. ಒಂದರಲ್ಲಿ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ತಡವರಿಸಿದರೆ ಆಶ್ಚರ್ಯವಿಲ್ಲ. ಆವೃತ್ತಿ ಕೇಳದೆ ದೋಷ ಹುಡುಕಲು ಹೊರಡುವುದು ವ್ಯರ್ಥ ಶ್ರಮ.

ಈಗ ನಿಜವಾದ ತಪ್ಪುಗಳಿಗೆ ಬರೋಣ. ಅವು ಇದ್ದವು, ಒಳ್ಳೊಳ್ಳೆಯವೇ ಇದ್ದವು. ಸಿಂಕ್ಲೇರ್‌ನ ಝಡ್‌ಎಕ್ಸ್81 ಯಂತ್ರದ ಆರಂಭದ ಕೆಲವು ಚಿಪ್ಪುಗಳಲ್ಲಿ 0.25ರ ವರ್ಗಮೂಲ ಕೇಳಿದರೆ 0.5ರ ಬದಲು 1.3591409 ಎಂದು ಬರುತ್ತಿತ್ತು. ಗಣಿತ ಕಲಿಸಲೆಂದು ಮಗುವಿಗೆ ಕೊಡಿಸಿದ ಯಂತ್ರ! ಚಿಪ್ಪುಗಳು ಆಗಲೇ ತಯಾರಾಗಿ ಬಂದಿದ್ದರಿಂದ ಕಂಪನಿ ಅದಕ್ಕೊಂದು ಪುಟ್ಟ ತಿದ್ದುಪಡಿ ಬೋರ್ಡನ್ನು ಮೇಲಿಂದ ಜೋಡಿಸಿತು. ಓಎಸ್ ತಪ್ಪಿಗೆ ಬೆಸುಗೆ ಹಾಕಿದ ಕಾಲ ಅದು.

ಅದರ ತಮ್ಮ ಸ್ಪೆಕ್ಟ್ರಮ್ಮಿನಲ್ಲಿ ಇರುವ ತಪ್ಪು ನನಗೆ ಎಲ್ಲಕ್ಕಿಂತ ಇಷ್ಟ. ಮೆಮೊರಿಯ ಒಂದೊಂದು ಬೈಟನ್ನು ಚೌಕಾಬಾರದ ಮನೆಯಂತೆ ಭಾವಿಸಿ. ಪ್ರತಿ ಮನೆಗೂ ಒಂದು ಸಂಖ್ಯೆ. ಹೊರಗಿನ ಉಪಕರಣವೊಂದು ತುರ್ತು ಕರೆ ಕಳಿಸಿದರೆ ಸಂಸ್ಕಾರಕ ಮಾಡುತ್ತಿರುವ ಕೆಲಸ ಬಿಟ್ಟು 102ನೇ ಮನೆಗೆ ಹಾರುತ್ತದೆ. ಅಲ್ಲಿನ ಪುಟ್ಟ ದಿನಚರಿ ಹೀಗೆ: 23728 ಮತ್ತು ಅದರ ಮುಂದಿನ ಮನೆಯಲ್ಲಿ ಬಳಕೆದಾರ ಏನಾದರೂ ವಿಳಾಸ ಬರೆದಿಟ್ಟಿದ್ದಾನೆಯೇ ನೋಡು, ಸೊನ್ನೆ ಇದ್ದರೆ ಸುಮ್ಮನೆ ವಾಪಸು ಬಾ, ಸೊನ್ನೆಯಲ್ಲದಿದ್ದರೆ ಆ ವಿಳಾಸಕ್ಕೆ ಹೋಗು. ಉದ್ದೇಶ ಇದು ಎಂದು ಕೋಡನ್ನು ಓದಿದವರಿಗೆಲ್ಲ ಹೊಳೆಯುತ್ತದೆ. ಆದರೆ ಬರೆದಿರುವುದು ತಿರುಗುಮುರುಗಾಗಿ. ಸೊನ್ನೆಯಲ್ಲದಿದ್ದರೆ ವಾಪಸು, ಸೊನ್ನೆಯಾದರೆ ಹೋಗು. ಸೊನ್ನೆ ಎಂಬ ವಿಳಾಸಕ್ಕೆ ಹೋಗುವುದೆಂದರೆ ಯಂತ್ರ ಮೊದಲಿನಿಂದ ಶುರುವಾಗುವುದು. ಮಾಡಿದ ಕೆಲಸವೆಲ್ಲ ನೀರುಪಾಲು.

ತಪ್ಪಿರುವುದು 109ನೇ ಮನೆಯಲ್ಲಿ. ಅಲ್ಲಿ 40 ಇರಬೇಕಿತ್ತು, 32 ಇದೆ. ಎರಡರ ದ್ವಿಮಾನ ರೂಪ ಬರೆದು ನೋಡಿದರೆ ವ್ಯತ್ಯಾಸ ಒಂದೇ ಒಂದು ಬಿಟ್. ನಂಬಿಕೆ ಬಾರದವರು ಯಾವುದೇ ಹಳೆಯ ಸ್ಪೆಕ್ಟ್ರಂ ಹಚ್ಚಿ ‘ಪ್ರಿಂಟ್ ಪೀಕ್ 109’ ಎಂದು ಒತ್ತಬಹುದು, 32 ಎಂದು ಅದೇ ಒಪ್ಪಿಕೊಳ್ಳುತ್ತದೆ. ಇಂದು ನನ್ನ ಫೋನಿನ ಆಪರೇಟಿಂಗ್ ಸಿಸ್ಟಂ ಗಿಗಾಬೈಟುಗಟ್ಟಲೆ ಇದೆ, ಅದರಲ್ಲಿನ ತಪ್ಪನ್ನು ಹೀಗೆ ಮನೆ ನಂಬರ್ ಹೇಳಿ ತೋರಿಸಬಲ್ಲವರು ಯಾರಿದ್ದಾರೆ? ಸ್ಪೆಕ್ಟ್ರಮ್ಮಿನ 16 ಕಿಲೋಬೈಟನ್ನು ಇಯಾನ್ ಲೋಗನ್ ಮತ್ತು ಫ್ರಾಂಕ್ ಒಹಾರಾ ಎಂಬಿಬ್ಬರು ಸಾಲು ಸಾಲಾಗಿ ಬಿಡಿಸಿ, ಟಿಪ್ಪಣಿ ಬರೆದು 1983ರಲ್ಲೇ ಪುಸ್ತಕ ಮಾಡಿದರು. ಯಂತ್ರ ಬಂದು ಒಂದೇ ವರ್ಷಕ್ಕೆ! ಋಣ 65536ರ ಪೂರ್ಣಾಂಕ ಭಾಗ ಕೇಳಿದರೆ ಅದು ಋಣ 1 ಎನ್ನುತ್ತದೆ, ಭಾಗಾಕಾರದಲ್ಲಿ ಕೊನೆಯ ಬಿಟ್ಟನ್ನು ಸರಿಯಾಗಿ ಲೆಕ್ಕ ಹಿಡಿಯದೆ ಹತ್ತನೇ ಒಂದರಂಥ ಸರಳ ಭಿನ್ನರಾಶಿಯನ್ನೂ ಕೂದಲೆಳೆಯಷ್ಟು ಕಡಿಮೆ ಮಾಡುತ್ತದೆ ಎಂಬುದೆಲ್ಲ ಅದರಲ್ಲಿದೆ. ಹೀಗಾಗಿ ಇಲ್ಲಿ ರಿಪೇರಿಯ ಅರ್ಥ ತಪ್ಪನ್ನು ತೆಗೆಯುವುದಲ್ಲ, ಅದು ಎಲ್ಲಿದೆಯೆಂದು ತಿಳಿದು ಬಳಸಿ ನಡೆಯುವುದು.

ಸ್ಪೆಕ್ಟ್ರಂ ಎದ್ದೇಳುವಾಗ ತನ್ನ ರ‍್ಯಾಮ್ ಪೂರ್ತಿ ಒಮ್ಮೆ ತಡವಿ ನೋಡುತ್ತದೆ. ಪ್ರತಿ ಮನೆಯಲ್ಲೂ 2 ಬರೆದು, ಒಂದೊಂದೇ ಇಳಿಸಿ ಸೊನ್ನೆಗೆ ಬರುತ್ತದೆಯೋ ಎಂದು ಪರೀಕ್ಷೆ. ಎಲ್ಲಿ ಲೆಕ್ಕ ತಪ್ಪಿತೋ ಅಲ್ಲಿಗೇ ನನ್ನ ರ‍್ಯಾಮ್ ಮುಗಿಯಿತು ಎಂದು ಬರೆದುಕೊಂಡು, ಯಾರಿಗೂ ಹೇಳದೆ, ಎಂದಿನ ಹಕ್ಕುಸ್ವಾಮ್ಯದ ಸಾಲು ತೋರಿಸಿ ನಿಲ್ಲುತ್ತದೆ. ಮೇಲ್ನೋಟಕ್ಕೆ ಯಂತ್ರ ಆರೋಗ್ಯವಾಗಿದೆ. ದೊಡ್ಡ ಆಟ ಹಾಕಿದರೆ ಮಾತ್ರ ನಡುವೆ ಕುಸಿಯುತ್ತದೆ, ಜನ ಓಎಸ್‌ಗೆ ಬೈಯುತ್ತಾರೆ. ಅದು ಬರೆದುಕೊಂಡ ಸಂಖ್ಯೆ 23732 ಮತ್ತು 23733ನೇ ಮನೆಗಳಲ್ಲಿದೆ. ಎರಡನೆಯದನ್ನು 256ರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸಿದರೆ 48ಕೆ ಯಂತ್ರದಲ್ಲಿ 65535 ಬರಬೇಕು. ಕಡಿಮೆ ಬಂದರೆ ಯಾವುದೋ ರ‍್ಯಾಮ್ ಚಿಪ್ ಸತ್ತಿದೆ. 32767 ಬಂದರೆ ಮೇಲಿನ ಸಾಲಿನ ಚಿಪ್ಪುಗಳು ಲೆಕ್ಕಕ್ಕೇ ಇಲ್ಲ. ಪರದೆ ತುಂಬ ಲಂಬ ಪಟ್ಟಿಗಳು ಬಂದು ನಿಂತರೆ ಕೆಳಗಿನ ಸಾಲಿನದೇ ತೊಂದರೆ. ಆ ಹಳೆಯ ಚಿಪ್ಪುಗಳಿಗೆ 5, 12 ಮತ್ತು ಋಣ 5 ಹೀಗೆ ಮೂರು ಬಗೆಯ ವೋಲ್ಟೇಜ್ ಬೇಕು. ಅದರಲ್ಲಿ ಋಣ 5 ತಪ್ಪಿದರೆ ಒಂದರ ಹಿಂದೊಂದು ಸಾಯುತ್ತವೆ. ಮೀಟರ್ ಹಿಡಿಯದೆ ಚಿಪ್ ಬದಲಿಸುತ್ತ ಹೋದವರು ಹೊಸ ಚಿಪ್ಪನ್ನೂ ಕಳೆದುಕೊಳ್ಳುತ್ತಾರೆ.

ಮೂರನೆಯ ಜಾತಿಯ ಗೋಳು ಯಂತ್ರದ್ದೂ ಅಲ್ಲ, ಓಎಸ್‌ನದೂ ಅಲ್ಲ, ಪ್ರೋಗ್ರಾಂ ಬರೆದವನ ದುಡುಕಿನದು. ಸ್ಪೆಕ್ಟ್ರಮ್ಮಿನ ಕೀಲಿಮಣೆಯನ್ನು ಓದುವ ಬಾಗಿಲು 254. ಏನೂ ಒತ್ತದಿದ್ದಾಗ ಮೊದಮೊದಲ ಬೋರ್ಡುಗಳು ಅಲ್ಲಿ 255 ಎನ್ನುತ್ತಿದ್ದವು. ಮೂರನೆಯ ಮಾದರಿಯ ಬೋರ್ಡಿನಿಂದ ಅದು 191 ಆಯಿತು. ಕೀಲಿಗಳಿಗೆ ಸಂಬಂಧಪಟ್ಟದ್ದು ಕೆಳಗಿನ ಐದು ಬಿಟ್ ಮಾತ್ರ, ಬದಲಾದದ್ದು ಕ್ಯಾಸೆಟ್ಟಿನ ಸದ್ದು ಬರುವ ಬಿಟ್. ಆದರೂ ಹಲವು ಆಟ ಬರೆದವರು ಇಡೀ ಸಂಖ್ಯೆಯನ್ನು 255ರೊಂದಿಗೆ ಹೋಲಿಸಿದ್ದರು. ಹೊಸ ಬೋರ್ಡಿನಲ್ಲಿ ಆಟಕ್ಕೆ ಯಾರೋ ಸದಾ ಕೀಲಿ ಒತ್ತಿ ಹಿಡಿದಂತೆ ಭಾಸ. ಹೋಲಿಸುವ ಮೊದಲು ಕೆಳಗಿನ ಐದು ಬಿಟ್ ಮಾತ್ರ ಉಳಿಸಿಕೊಳ್ಳುವ ಒಂದು ಆಜ್ಞೆ ಸೇರಿಸಿದರೆ ಆಟ ಸರಿಹೋಗುತ್ತದೆ.

ಬಿಬಿಸಿಯಲ್ಲೂ ಇಂಥದ್ದಿದೆ. ಫ್ಲಾಪಿ ಡಿಸ್ಕಿನ ಚಿಪ್ ಹಾಕಿಸಿದ ಮೇಲೆ ಕ್ಯಾಸೆಟ್ಟಿನ ಆಟಗಳು ‘ನೋ ರೂಮ್’ ಎನ್ನತೊಡಗುತ್ತವೆ. ಕ್ಯಾಸೆಟ್ ಮಾತ್ರ ಇದ್ದಾಗ ಬಳಕೆದಾರನ ಪ್ರೋಗ್ರಾಂ 3584ನೇ ಮನೆಯಿಂದ ಶುರುವಾಗುತ್ತಿತ್ತು. ಡಿಸ್ಕಿನ ಚಿಪ್ ತನಗೆ ಜಾಗ ಬೇಕೆಂದು ಅದನ್ನು 6400ಕ್ಕೆ ತಳ್ಳುತ್ತದೆ. ಚಿತ್ರಕ್ಕೆ 20 ಕಿಲೋಬೈಟ್ ತಿನ್ನುವ ‘ಮೋಡ್ 0’ಯಲ್ಲಿ ಕೂತರೆ ಉಳಿಯುವುದು 5888 ಬೈಟ್ ಅಷ್ಟೆ. ‘ಟೇಪ್’ ಆಜ್ಞೆ ಕೊಟ್ಟು, ‘ಪೇಜ್’ ಬೆಲೆಯನ್ನು 3584ಕ್ಕೆ ಇಳಿಸಿ, ‘ನ್ಯೂ’ ಎಂದು ಒತ್ತಿ ಲೋಡ್ ಮಾಡಿದರೆ ಆಟ ಮೊದಲಿನಂತೆ ಓಡುತ್ತದೆ.

ಇದೇ ಜಾಗದ ಲೆಕ್ಕ ಕನ್ನಡ ಅಕ್ಷರ ಬರೆಯಹೊರಟವರನ್ನೂ ಕಾಡುತ್ತದೆ. ಬಿಬಿಸಿಯಲ್ಲಿ ನಮ್ಮದೇ ಅಕ್ಷರ ಮಾಡಿಕೊಳ್ಳಬಹುದು. ಎಂಟು ಅಡ್ಡಸಾಲು, ಎಂಟು ಕಂಬಸಾಲಿನ ಚೌಕ. ಪ್ರತಿ ಅಡ್ಡಸಾಲಿಗೆ ಒಂದು ಸಂಖ್ಯೆ. ‘ವಿಡಿಯು 23, 224, 60, 66, 129, 153, 153, 129, 66, 60’ ಎಂದು ಕೊಟ್ಟರೆ 224ನೇ ಅಕ್ಷರ ದುಂಡಗೆ, ನಡುವೆ ಚುಕ್ಕೆಯಿಟ್ಟ ‘ಠ’ ಆಗುತ್ತದೆ. ತಲೆಕಟ್ಟಿಗೆ ಜಾಗ ಸಾಲದು, ಆದರೂ ಠ ಎಂದು ಯಾರಾದರೂ ಓದಿಯಾರು. ಹೈದರಾಬಾದಿನಲ್ಲಿ ಇನ್ನೊಂದು ಲಾಭ: ಪಕ್ಕದಲ್ಲಿ ಕೂತ ತೆಲುಗು ಗೆಳೆಯನೂ ಇದೇ ಎಂಟು ಸಂಖ್ಯೆ ಎತ್ತಿಕೊಳ್ಳಬಹುದು.

ಬೀದರಿನ ಹುಡುಗನಿಗೆ ಇದನ್ನು ಹೇಳಿಕೊಟ್ಟೆ. ಒತ್ತಿದ, ಠ ಬರಲಿಲ್ಲ, ಬೇರೆ ಯಾವುದೋ ಚಿಹ್ನೆ ಬಂತು. “ನೋಡ್ರಿ, ನಾ ಹೇಳಲಿಲ್ಲಾ, ಓಎಸ್!” ಎಂದ ಗೆದ್ದ ದನಿಯಲ್ಲಿ. ಅವನ ತಪ್ಪಲ್ಲ. ಯಂತ್ರ ಎದ್ದಾಗ ಇರುವುದು ‘ಮೋಡ್ 7’ರಲ್ಲಿ. ಕೇವಲ ಒಂದು ಕಿಲೋಬೈಟಿನಲ್ಲಿ ಪರದೆ ತುಂಬಿಸುವ ಈ ಮೋಡ್‌ನಲ್ಲಿ ಅಕ್ಷರ ಬಿಡಿಸುವುದು ಟೆಲಿಟೆಕ್ಸ್ಟಿಗೆಂದು ಮಾಡಿದ ಬೇರೊಂದು ಚಿಪ್. ನಾವು ರ‍್ಯಾಮ್‌ನಲ್ಲಿ ಬರೆದಿಟ್ಟ ಠ ಅದಕ್ಕೆ ಕಾಣುವುದೇ ಇಲ್ಲ. ‘ಮೋಡ್ 4’ಕ್ಕೆ ಹೋದರೆ ಠ ಬಂತು. ‘ಮೋಡ್ 6’ರಲ್ಲೂ ಬರುತ್ತದೆ, ಆದರೆ ಅಲ್ಲಿ ಸಾಲು ಸಾಲಿನ ನಡುವೆ ಖಾಲಿ ಪಟ್ಟಿ ಬಿಟ್ಟಿರುತ್ತದೆ. ಒತ್ತಕ್ಷರವನ್ನು ಕೆಳಗಿನ ಸಾಲಿನ ಚೌಕದಲ್ಲಿ ಬಿಡಿಸಿದವರಿಗೆ ಅದು ಮೈಯಿಂದ ಕಳಚಿ ಕೆಳಗೆ ಬಿದ್ದಂತೆ ಕಾಣುತ್ತದೆ. ‘ಅಮ್ಮ’ ಎಂದು ಬರೆದರೆ ಮಕಾರದ ಒತ್ತು ದೂರದ ನೆಂಟನಂತೆ ನಿಂತಿರುತ್ತದೆ.

ಮುಂದಿನ ಅಡ್ಡಿ ಇನ್ನೂ ಸ್ವಾರಸ್ಯದ್ದು. ಹುಡುಗ ಹುರುಪಿನಿಂದ ವರ್ಣಮಾಲೆಯೆಲ್ಲ ಮಾಡಲು ಕೂತ. ಸ್ವರಗಳು, ಕವರ್ಗ, ಚವರ್ಗ ಎಂದು ಸಾಗುತ್ತ 255ನೇ ಸ್ಥಾನಕ್ಕೆ ಬಂತು. ಮಿಕ್ಕದ್ದನ್ನು ಹಿಂದಕ್ಕೆ 192ರಿಂದ ಶುರು ಮಾಡಿದ. ಶುರು ಮಾಡಿದೊಡನೆ ಮೊದಲು ಮಾಡಿದ ಅಕ್ಷರಗಳು ಒಂದೊಂದಾಗಿ ರೂಪ ಬದಲಿಸತೊಡಗಿದವು! ‘ಅ’ ಇದ್ದಲ್ಲಿ ‘ಪ’. ಇದು ಕೈಪಿಡಿಯಲ್ಲಿ ಬರೆದಿರುವ ನಡವಳಿಕೆಯೇ. ಓಎಸ್ ಆರಂಭದಲ್ಲಿ 32 ಅಕ್ಷರಕ್ಕೆ ಮಾತ್ರ, ಅಂದರೆ 256 ಬೈಟ್ ಜಾಗ ಇಟ್ಟಿರುತ್ತದೆ. 128ರಿಂದ 255ರವರೆಗಿನ ನಾಲ್ಕು ಗುಂಪುಗಳೂ ಆ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ. 192 ಬರೆದರೆ 224 ಅಳಿಸಿತು. ಇಂಗ್ಲಿಷಿನವರಿಗೆ ಒಂದೆರಡು ಬಾಣದ ಗುರುತು, ಆಟದ ಗೊಂಬೆ ಸಾಕಿತ್ತು, 32 ಧಾರಾಳ. ನಮಗೆ ವರ್ಣಮಾಲೆಯೇ 49, ಕಾಗುಣಿತ ಒತ್ತುಗಳನ್ನು ಲೆಕ್ಕಕ್ಕೆ ಹಿಡಿದರೆ ಕೇಳುವುದೇ ಬೇಡ.

ಪರಿಹಾರವೂ ಓಎಸ್‌ನಲ್ಲೇ ಇದೆ. ‘ಎಫ್‌ಎಕ್ಸ್ 20, 3’ ಎಂದರೆ ನಾಲ್ಕು ಗುಂಪಿಗೂ ಬೇರೆ ಬೇರೆ ಜಾಗ ಸಿಗುತ್ತದೆ. ಅದಕ್ಕಾಗಿ ಇನ್ನೂ 768 ಬೈಟ್ ಬೇಕು, ಆ ಜಾಗವನ್ನು ಓಎಸ್ ತೆಗೆದುಕೊಳ್ಳುವುದು ನಮ್ಮ ಪ್ರೋಗ್ರಾಂ ಕೂರುವ ನೆಲದಿಂದಲೇ. ‘ಪೇಜ್’ ಬೆಲೆಯನ್ನು 768 ಏರಿಸಿ ‘ನ್ಯೂ’ ಕೊಡದೆ ಹೋದರೆ ಅಕ್ಷರಗಳು ಪ್ರೋಗ್ರಾಮಿನ ತಲೆಯ ಮೇಲೆ ಬರೆಯಲ್ಪಡುತ್ತವೆ, ಯಂತ್ರ ‘ಬ್ಯಾಡ್ ಪ್ರೋಗ್ರಾಂ’ ಎನ್ನುತ್ತದೆ. ಆ ಸಂದೇಶ ನೋಡಿದವರು ಮತ್ತೆ ಕ್ಯಾಸೆಟ್ಟನ್ನೋ ಫ್ಲಾಪಿಯನ್ನೋ ಅನುಮಾನಿಸುತ್ತಾರೆ.

ಕ್ಯಾಸೆಟ್ ಮೇಲಿನ ಅನುಮಾನ ಬೇರೆ ಕಡೆಗಳಲ್ಲಿ ಸರಿಯಿರುತ್ತದೆ. ‘ಡೇಟಾ?’ ಎಂದು ಕೇಳಿದರೆ ಓದಿದ ಬೈಟುಗಳ ತಾಳೆ ಕೂಡಿಲ್ಲ. ‘ಬ್ಲಾಕ್?’ ಎಂದರೆ ನಡುವಿನ ಒಂದು ತುಂಡು ತಪ್ಪಿದೆ. ಬಿಬಿಸಿ 256 ಬೈಟಿನ ತುಂಡುಗಳಾಗಿ ಬರೆಯುವುದರಿಂದ ಸ್ವಲ್ಪ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರೆ ಬಿಟ್ಟಲ್ಲಿಂದ ಹಿಡಿದುಕೊಳ್ಳುತ್ತದೆ. ಸ್ಪೆಕ್ಟ್ರಂಗೆ ಆ ತಾಳ್ಮೆಯಿಲ್ಲ, ‘ಟೇಪ್ ಲೋಡಿಂಗ್ ಎರರ್’ ಎಂದು ಇಡೀ ಕೆಲಸ ಕೈಬಿಡುತ್ತದೆ. ಟೇಪ್‌ರೆಕಾರ್ಡರಿನ ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು, ಸದ್ದು ಅತಿ ಚೂಪಾಗುವವರೆಗೆ ಕೂದಲೆಳೆಯಷ್ಟು ತಿರುಗಿಸಿ ನೋಡುವುದು ಮೊದಲ ಮದ್ದು.

ಬೇಸಿಗೆಯ ಹೈದರಾಬಾದಿಗೇ ಮೀಸಲಾದ ಒಂದು ಕಾಟವಿದೆ. ಯಂತ್ರ ಹಚ್ಚಿದಾಗ ಎಲ್ಲ ಸರಿ, ಸ್ವಲ್ಪ ಹೊತ್ತಾದ ಮೇಲೆ ಪರದೆಯ ಅಕ್ಷರಗಳು ಚಿಂದಿಯಾಗುತ್ತವೆ. ಬಿಬಿಸಿಯ ಹಳೆಯ ಬೋರ್ಡುಗಳಲ್ಲಿ ಚಿತ್ರ ಹೊರಡಿಸುವ ಫೆರಾಂಟಿ ಚಿಪ್ ವಿಪರೀತ ಬಿಸಿಯಾಗುತ್ತದೆ, ಅದಕ್ಕೇ ಅದರ ತಲೆಯ ಮೇಲೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿರುತ್ತಿದ್ದರು. ಅಂಟು ಒಣಗಿ ಪಟ್ಟಿ ಉದುರಿಹೋಗಿದ್ದರೆ ಮೇ ತಿಂಗಳಲ್ಲಿ ಯಾವ ಓಎಸ್ ತಾನೇ ಏನು ಮಾಡೀತು? ಮುಚ್ಚಳ ತೆಗೆದು ಟೇಬಲ್ ಫ್ಯಾನ್ ತಿರುಗಿಸಿ ನೋಡಿ. ಚಿತ್ರ ನಿಂತರೆ ಕಾರಣ ಸಿಕ್ಕಿತು.

ಎಷ್ಟು ತಡಕಿದರೂ ದೋಷ ಯಂತ್ರದ್ದೋ ಬರೆದವನದ್ದೋ ತಿಳಿಯದಿದ್ದರೆ ಈಗ ಒಂದು ಅನುಕೂಲವಿದೆ. ಈ ಎಲ್ಲ ಯಂತ್ರಗಳನ್ನು ಅನುಕರಿಸುವ ಉಚಿತ ತಂತ್ರಾಂಶಗಳು ಲ್ಯಾಪ್‌ಟಾಪಿನಲ್ಲೇ ಓಡುತ್ತವೆ. ಅದೇ ಓಎಸ್ ಆವೃತ್ತಿ, ಅದೇ ಪ್ರೋಗ್ರಾಂ ಹಾಕಿ. ಅಲ್ಲೂ ಅದೇ ಜಾಗದಲ್ಲಿ ಎಡವಿದರೆ ತಪ್ಪು ಕೋಡಿನದು, ಎಡವದಿದ್ದರೆ ಮೇಜಿನ ಮೇಲಿರುವ ಬೋರ್ಡಿನದು. ಆವೃತ್ತಿ ಬೇರೆಯಾದರೆ ಈ ಸಾಕ್ಷಿಗೆ ಬೆಲೆಯಿಲ್ಲ. ಅಲ್ಲೂ ಇಲ್ಲೂ ಒಂದೇ ಬಗೆಯಲ್ಲಿ, ತರ್ಕಕ್ಕೆ ಸಿಗದೆ ದಾರಿ ತಪ್ಪಿದರೆ 6502 ಸಂಸ್ಕಾರಕವನ್ನೇ ನೆನೆಯಬೇಕು. ಯಾವ ಮನೆಗೆ ಹಾರಬೇಕೆಂಬ ವಿಳಾಸ 256 ಬೈಟಿನ ಪುಟವೊಂದರ ಕೊನೆಯ ಮನೆಯಿಂದ ಶುರುವಾಗಿದ್ದರೆ, ಆ ಚಿಪ್ ವಿಳಾಸದ ಉಳಿದರ್ಧವನ್ನು ಮುಂದಿನ ಪುಟದಿಂದ ಓದುವ ಬದಲು ಅದೇ ಪುಟದ ಮೊದಲ ಮನೆಯಿಂದ ಓದುತ್ತದೆ. ಓಎಸ್ ಬರೆದವರೂ ಅದನ್ನು ಬಳಸಿಯೇ ನಡೆದರು.

ಚಿಪ್ಪಿನಲ್ಲಿ ಕೆತ್ತಿದ್ದು ಹಾಗೇ ಇರುತ್ತದೆ ಎಂದೆನಲ್ಲ, ಅದಕ್ಕೊಂದು ಅಪವಾದ ಇಪ್ರಾಮ್. ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ ಇರುವ ಈ ಚಿಪ್ಪನ್ನು ನೇರಳಾತೀತ ಬೆಳಕಿನಿಂದ ಅಳಿಸಿ ಮತ್ತೆ ಬರೆಯಬಹುದು. ಕಿಟಕಿಗೆ ಅಂಟಿಸಿದ ಚೀಟಿ ಉದುರಿ ವರ್ಷಗಟ್ಟಲೆ ಬೆಳಕು ಬಿದ್ದರೆ, ಅಥವಾ ಬರೀ ವಯಸ್ಸಿನಿಂದಲೇ, ಒಂದೊಂದು ಬಿಟ್ ಕಳೆದುಹೋಗುತ್ತದೆ. ಇದೊಂದು ಕಡೆ ಮಾತ್ರ ‘ಓಎಸ್ ಕೆಟ್ಟಿದೆ’ ಎಂಬ ಮಾತು ಅಕ್ಷರಶಃ ನಿಜವಾಗಬಹುದು. ಚಿಪ್ ಓದುವ ಉಪಕರಣದಲ್ಲಿಟ್ಟು ಒಳಗಿನದನ್ನು ಲ್ಯಾಪ್‌ಟಾಪಿಗೆ ಇಳಿಸಿ, ಮೂಲ ಪ್ರತಿಯೊಂದಿಗೆ ಬೈಟು ಬೈಟಾಗಿ ಹೋಲಿಸಬೇಕು.

ಹೀಗೆ ಇಳಿಸಿದಾಗ ಬಿಬಿಸಿಯ 1.20 ಓಎಸ್‌ನ ಕೊನೆಯ ಹತ್ತಿರ, 768 ಬೈಟಿನ ಒಂದು ಪಟ್ಟಿಯೊಳಗೆ, ಯಂತ್ರ ಕಟ್ಟಲು ನೆರವಾದವರ ಹೆಸರುಗಳು ಕಾಣುತ್ತವೆ. ಆ ಮನೆಗಳ ಸಂಖ್ಯೆಗಳನ್ನು ಯಂತ್ರ ಹೊರಗಿನ ಉಪಕರಣಗಳೊಂದಿಗೆ ಮಾತಾಡಲು ಮೀಸಲಿಟ್ಟಿದೆ, ಆದ್ದರಿಂದ ಸಾಧಾರಣ ಬಳಕೆಯಲ್ಲಿ ಅವು ಕಾಣಸಿಗುವುದಿಲ್ಲ. ಬೀದರಿನ ಹುಡುಗನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಅವನ ಬೋರ್ಡಿನ ಐದು ಸಾಕೆಟ್ಟುಗಳಲ್ಲಿ ಎರಡು ಚಿಪ್ಪುಗಳ ಗುರುತು ಹತ್ತಿತು, ಮೂರನೆಯದು ಹೆಸರಿಲ್ಲದ, ಚೀಟಿ ಹರಿದ ಇಪ್ರಾಮ್. ಸ್ವಚ್ಛ ಮಾಡುವ ಉತ್ಸಾಹದಲ್ಲಿ ಇಂಥವನ್ನು ಕಿತ್ತು ಎಸೆಯುವವರಿದ್ದಾರೆ. ಶಾಲೆಯಿಂದ ಬಂದ ಯಂತ್ರವಾದರೆ ಯಾರೋ ಮೇಷ್ಟ್ರು ಹಾಕಿಸಿದ ಪಾಠದ ಪ್ರೋಗ್ರಾಂ ಅದರಲ್ಲಿರಬಹುದು, ಬೇರೆಲ್ಲೂ ಅದರ ಪ್ರತಿ ಇಲ್ಲದಿರಬಹುದು. ಮೊದಲು ಕಿಟಕಿಗೆ ಕಪ್ಪು ಟೇಪು ಅಂಟಿಸು, ಒಳಗಿನದನ್ನು ಇಳಿಸಿ ಎರಡು ಕಡೆ ಪ್ರತಿ ಇಡು, ಆಮೇಲೆ ಸಾಕೆಟ್ಟಿಗೆ ಹಾಕಿ ಕರೆಂಟು ಕೊಡು ಎಂದು ಹೇಳಿ ಕಳಿಸಿದೆ.